ಹಳೇ ಕಾರಿನ ವಿನೈಲ್ ಅಂಟಂಟಾಗಿದೆಯಾ? ಮೊದಲು ಕಾರಣ ಹುಡುಕಿ

ಸೀಟಿನ ಮೇಲೆ ಕೈ ಇಟ್ಟರೆ ಅಂಗೈ ಹಿಡಿದುಕೊಳ್ಳುತ್ತದೆ. ಡ್ಯಾಶ್‌ಬೋರ್ಡ್ ಒರೆಸಲು ಹೋದರೆ ಬಟ್ಟೆ ಜಾರುವುದಿಲ್ಲ, ತಡೆದು ತಡೆದು ಹೋಗುತ್ತದೆ. ನಿನ್ನೆ ಒರೆಸಿದ ಜಾಗದಲ್ಲಿ ಇವತ್ತು ಮತ್ತೆ ಧೂಳು ಕೂತಿರುತ್ತದೆ, ಅದೂ ಕೊಡವಿದರೆ ಹೋಗದ ಹಾಗೆ. ಹೀಗಾದಾಗ ಹೆಚ್ಚಿನವರು ಹೊಳಪು ಕೊಡುವ ಯಾವುದೋ ಡ್ರೆಸ್ಸಿಂಗ್ ತಂದು ಹಚ್ಚುತ್ತಾರೆ. ಎರಡು ದಿನ ಚೆನ್ನಾಗಿ ಕಾಣುತ್ತದೆ. ಆಮೇಲೆ ಅಂಟು ಮೊದಲಿಗಿಂತ ಜಾಸ್ತಿ.

ಯಾವ ಬಾಟಲಿಯ ಮುಚ್ಚಳ ತೆಗೆಯುವ ಮೊದಲೂ ಒಂದು ಪ್ರಶ್ನೆಗೆ ಉತ್ತರ ಸಿಗಬೇಕು. ಈ ಅಂಟು ಹೊರಗಿಂದ ಬಂದು ಕೂತದ್ದಾ, ಇಲ್ಲಾ ವಿನೈಲ್‌ನ ಒಳಗಿಂದಲೇ ಹೊರಬಂದದ್ದಾ? ಹೊರಗಿನದಾದರೆ ತೊಳೆದರೆ ಹೋಗುತ್ತದೆ, ಮತ್ತೆ ಬರುವುದಿಲ್ಲ. ಒಳಗಿನದಾದರೆ ತೊಳೆದರೂ ಬರುತ್ತದೆ, ಆಗ ನಮ್ಮ ಕೆಲಸದ ರೀತಿಯೇ ಬೇರೆ. ಎರಡನ್ನೂ ಒಂದೇ ಔಷಧಿಯಿಂದ ಸರಿ ಮಾಡಲು ಹೋಗುವುದರಿಂದಲೇ ಎಷ್ಟೋ ಒಳ್ಳೆಯ ಹಳೇ ಸೀಟುಗಳು ಹಾಳಾಗುತ್ತವೆ.

ಒಳಗೆ ನಡೆಯುವುದೇನು

ವಿನೈಲ್ ಅಂದರೆ ಪಿವಿಸಿ ಎಂಬ ಪ್ಲಾಸ್ಟಿಕ್. ಶುದ್ಧ ಪಿವಿಸಿ ಮೆತ್ತಗಿರುವುದಿಲ್ಲ. ನೀರಿನ ಪೈಪು, ಕಿಟಕಿಯ ಚೌಕಟ್ಟು ಮಾಡುವುದೂ ಇದರಿಂದಲೇ. ಸುಮಾರು 80 ಡಿಗ್ರಿ ಸೆಲ್ಸಿಯಸ್ ತನಕ ಅದು ಗಟ್ಟಿಯಾಗಿಯೇ ಇರುತ್ತದೆ. ಅದನ್ನು ಬಟ್ಟೆಯಂತೆ ಬಾಗುವ ಹಾಗೆ ಮಾಡುವುದು ಪ್ಲಾಸ್ಟಿಸೈಸರ್ ಎಂಬ ಎಣ್ಣೆಯಂಥ ದ್ರವ. 1926ರಲ್ಲಿ ಅಮೆರಿಕದ ಬಿ.ಎಫ್. ಗುಡ್‌ರಿಚ್ ಕಂಪನಿಯಲ್ಲಿ ವಾಲ್ಡೋ ಸೆಮನ್ ಪಿವಿಸಿಯನ್ನು ಹೀಗೆ ಮೆತ್ತಗಾಗಿಸುವ ದಾರಿ ಕಂಡುಕೊಂಡರು. ಸೀಟಿಗೆ ಹಾಕುವ ವಿನೈಲ್‌ನಲ್ಲಿ ತೂಕದ ಸುಮಾರು ಮೂರನೇ ಒಂದು ಭಾಗ ಪ್ಲಾಸ್ಟಿಸೈಸರ್ ಇರುವುದು ಸಾಮಾನ್ಯ. ಹಳೇ ಕಾರುಗಳಲ್ಲಿ ಹೆಚ್ಚಾಗಿ ಅದು ಥಾಲೇಟ್ ಗುಂಪಿನದು.

ಮುಖ್ಯ ವಿಷಯ ಇಲ್ಲಿದೆ. ಪ್ಲಾಸ್ಟಿಸೈಸರ್ ಪಿವಿಸಿಗೆ ರಾಸಾಯನಿಕವಾಗಿ ಬೆಸೆದುಕೊಂಡಿರುವುದಿಲ್ಲ. ಅದರ ಎಳೆಗಳ ನಡುವೆ ಸುಮ್ನೆ ತುಂಬಿಕೊಂಡಿರುತ್ತದೆ. ಹಾಗಾಗಿ ದಾರಿ ಸಿಕ್ಕಿದಾಗೆಲ್ಲ ಹೊರಗೆ ಬರುತ್ತದೆ. ಒಂದಷ್ಟು ಆವಿಯಾಗಿ ಮುಂದಿನ ಗಾಜಿನ ಒಳಬದಿಯಲ್ಲಿ ಮಂಜಿನಂತೆ ಕೂರುತ್ತದೆ. ಒಂದಷ್ಟು ಮೇಲ್ಮೈಗೆ ಬಂದು ಜಿಡ್ಡಾಗಿ ನಿಲ್ಲುತ್ತದೆ. ಇನ್ನೊಂದಷ್ಟು ಮುಟ್ಟಿಕೊಂಡಿರುವ ವಸ್ತುವಿಗೆ ದಾಟುತ್ತದೆ. ಹಳೇ ವಿನೈಲ್ ಫೈಲಿನಲ್ಲಿಟ್ಟ ಜೆರಾಕ್ಸ್ ಹಾಳೆಯ ಅಕ್ಷರಗಳು ಫೈಲಿನ ಹೊದಿಕೆಗೇ ಅಂಟಿಕೊಂಡಿದ್ದನ್ನು ನೋಡಿರುತ್ತೀರಿ. ಅಲ್ಲಿ ಆದದ್ದೂ ಇದೇ.

ಬಿಸಿಲಲ್ಲಿ ಗಾಜು ಮುಚ್ಚಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ 70 ಡಿಗ್ರಿ ದಾಟುವುದು ಕಷ್ಟವೇನಲ್ಲ. ಶಾಖ ಹೆಚ್ಚಿದಷ್ಟೂ ಪ್ಲಾಸ್ಟಿಸೈಸರ್ ಬೇಗ ಹೊರಬರುತ್ತದೆ. ಪೂರ್ತಿ ಹೋದ ಮೇಲೆ ವಿನೈಲ್ ಗಟ್ಟಿಯಾಗಿ, ಕುಗ್ಗಿ, ಬಿರಿಯುತ್ತದೆ. ಇವತ್ತು ಅಂಟಂಟಾಗಿರುವ ಡ್ಯಾಶ್‌ಬೋರ್ಡ್ ಮುಂದೊಂದು ದಿನ ಸೀಳು ಬಿಡುವುದು ಈ ಕಾರಣಕ್ಕೇ. ಅಂಟು ಒಳಗಿನದಾಗಿದ್ದರೆ ನೀವು ಒರೆಸಿ ತೆಗೆಯುತ್ತಿರುವುದು ಆ ವಿನೈಲ್‌ನ ಮೆತ್ತನೆ ಗುಣವನ್ನೇ. ಅದಕ್ಕೇ ಎಷ್ಟು ಒರೆಸಬೇಕು, ಯಾವುದರಿಂದ ಒರೆಸಬೇಕು ಎಂಬುದು ಇಷ್ಟು ಮುಖ್ಯವಾಗುತ್ತದೆ.

ಅದು ವಿನೈಲ್ ಹೌದಾ?

ಇದನ್ನು ಖಚಿತ ಮಾಡಿಕೊಳ್ಳದೆ ಮುಂದೆ ಹೋಗಬೇಡಿ. ಸೀಟಿನ ಕೆಳಗೆ ಅಂಚು ಮಡಚಿರುವ ಕಡೆ ನೋಡಿ. ಹಿಂಬದಿಯಲ್ಲಿ ನೇಯ್ದ ಅಥವಾ ಹೆಣೆದ ಬಟ್ಟೆ ಕಂಡರೆ ಅದು ಕೃತಕ ಹೊದಿಕೆ. ನಾರುನಾರಾಗಿ, ಮಖಮಲ್ಲಿನಂತೆ ಇದ್ದರೆ ಚರ್ಮ. ಚರ್ಮಕ್ಕೆ ಈ ಬರಹದ ಯಾವ ಮಾತೂ ಅನ್ವಯಿಸುವುದಿಲ್ಲ.

ಎರಡನೇ ಮಹಾಯುದ್ಧಕ್ಕಿಂತ ಮೊದಲಿನ ಕಾರುಗಳಲ್ಲಿ ಇನ್ನೊಂದು ಎಚ್ಚರ ಬೇಕು. ಆ ಕಾಲದ ಚರ್ಮದಂಥ ಬಟ್ಟೆಗಳು ಬಹುಪಾಲು ಪಿವಿಸಿ ಅಲ್ಲ, ನೈಟ್ರೋಸೆಲ್ಯುಲೋಸ್ ಲೇಪಿಸಿದ ಬಟ್ಟೆ. ಅಸಿಟೋನ್ ತಾಗಿದರೆ ಆ ಲೇಪ ಕರಗಿಯೇ ಹೋಗುತ್ತದೆ. ಆಲ್ಕೋಹಾಲ್ ಕೂಡ ಅದರ ಹತ್ತಿರ ತರಬೇಡಿ. ಚೆನ್ನಾಗಿ ಹಿಂಡಿದ ಒದ್ದೆ ಬಟ್ಟೆ ಸಾಕು.

1990ರ ದಶಕದ ನಂತರದ ಕಾರುಗಳಲ್ಲಿ ಬೇರೆ ಗೊಂದಲ. ಸ್ವಿಚ್ಚು, ಹ್ಯಾಂಡಲ್, ನಡುವಿನ ಕನ್ಸೋಲ್ ಮೇಲೆ ರಬ್ಬರಿನಂತೆ ಮೆತ್ತಗೆ ತಾಗುವ ಒಂದು ಪೇಂಟ್ ಇರುತ್ತದೆ. ಅದು ಗಟ್ಟಿ ಪ್ಲಾಸ್ಟಿಕ್ ಮೇಲಿನ ಪಾಲಿಯುರೆಥೇನ್ ಲೇಪ. ಗಾಳಿಯ ತೇವಕ್ಕೆ ವರ್ಷಗಟ್ಟಲೆ ಒಡ್ಡಿಕೊಂಡು ಅದು ಒಡೆದು ಗೋಂದಿನಂತಾಗುತ್ತದೆ. ಉಗುರಿನಿಂದ ಗೀರಿದರೆ ಕಪ್ಪು ಮುದ್ದೆಯಾಗಿ ಸುರುಳಿ ಬರುತ್ತದೆ, ಕೆಳಗೆ ನುಣುಪಾದ ಗಟ್ಟಿ ಪ್ಲಾಸ್ಟಿಕ್ ಕಾಣುತ್ತದೆ. ಇದನ್ನು ಶುಚಿ ಮಾಡಿ ಉಳಿಸಲು ಆಗುವುದಿಲ್ಲ. ಭಾಗವನ್ನು ಬಿಚ್ಚಿ, ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿದ ಬಟ್ಟೆಯಿಂದ ತಾಳ್ಮೆಯಿಂದ ಉಜ್ಜಿ ಆ ಲೇಪವನ್ನೇ ಪೂರ್ತಿ ತೆಗೆಯಬೇಕು. ಬರೆದ ಗುರುತುಗಳೂ ಅದರೊಂದಿಗೆ ಹೋಗಬಹುದು, ಮೊದಲೇ ಫೋಟೋ ತೆಗೆದಿಟ್ಟುಕೊಳ್ಳಿ.

ಅಂಟು ಎಲ್ಲಿದೆ ಎಂದು ನೋಡಿ

ಪರೀಕ್ಷೆಗೆ ಮೊದಲು ಕಾರಿನ ಒಳಗೆ ಸುಮ್ನೆ ಕೂತು ಮುಟ್ಟಿ ನೋಡಿ. ಅರ್ಧ ಉತ್ತರ ಇಲ್ಲೇ ಸಿಗುತ್ತದೆ.

ಕೈ ಇಡುವ ಜಾಗ, ಬಾಗಿಲಿನ ಮೇಲಂಚು, ತಲೆ ಒರಗುವ ಕಡೆ ಮಾತ್ರ ಅಂಟಿದ್ದರೆ ಅದು ಮೈಯ ಜಿಡ್ಡು, ಬೆವರು, ಸನ್‌ಸ್ಕ್ರೀನ್, ಕೂದಲಿನ ಎಣ್ಣೆ. ಡ್ಯಾಶ್‌ಬೋರ್ಡ್‌ನ ಮೇಲ್ಭಾಗ, ಹಿಂದಿನ ಗಾಜಿನ ಕೆಳಗಿನ ಹಲಗೆ, ಹೀಗೆ ಬಿಸಿಲು ಬೀಳುವ ಕಡೆ ಮಾತ್ರ ಇದ್ದರೆ ಒಳಗಿಂದ ಬಂದದ್ದೆಂಬ ಅನುಮಾನ ಗಟ್ಟಿ. ಬಿಸಿಲು, ನೆರಳು, ಕೈ ತಾಗದ ಮೂಲೆ, ಎಲ್ಲ ಕಡೆಯೂ ಒಂದೇ ಸಮನೆ ಅಂಟಿದ್ದರೆ ಯಾರೋ ಹಿಂದೆ ಡ್ರೆಸ್ಸಿಂಗ್ ಬಳಿದಿದ್ದಾರೆ. ಛಾವಣಿಯ ಒಳಬದಿ ಮತ್ತು ಸನ್‌ವೈಸರ್ ಹಳದಿ-ಕಂದು ಬಣ್ಣಕ್ಕೆ ತಿರುಗಿ ಅಂಟಿದ್ದರೆ ಅದು ಸಿಗರೇಟಿನ ಟಾರ್. ಹೊಲಿಗೆಯ ಸಾಲಿನಲ್ಲಿ ಅಥವಾ ಗಾಳಿಗೆಂದು ಚುಚ್ಚಿದ ಸಣ್ಣ ತೂತುಗಳಲ್ಲಿ ಮಾತ್ರ ಕಾಣಿಸಿದರೆ ವಿನೈಲ್ ಅನ್ನು ಬಿಡಿ, ಕೆಳಗಿನ ಫೋಮ್ ಅಥವಾ ಅಂಟಿನ ಕಡೆ ನೋಡಿ.

ರಬ್ಬರ್ ಮ್ಯಾಟು, ಮೊಬೈಲ್ ಹಿಡಿಸುವ ಪ್ಯಾಡು, ಪಾರದರ್ಶಕ ಸೀಟ್ ಕವರ್, ಇವು ವರ್ಷಗಟ್ಟಲೆ ಕೂತ ಜಾಗವನ್ನೂ ನೋಡಿ. ಅದೇ ಆಕಾರದಲ್ಲಿ ಅಂಟು ಅಥವಾ ಕಲೆ ಇದ್ದರೆ ಎರಡು ವಸ್ತುಗಳ ನಡುವೆ ಪ್ಲಾಸ್ಟಿಸೈಸರ್ ದಾಟಿದೆ ಎಂದರ್ಥ.

ನಾಲ್ಕು ಸರಳ ಪರೀಕ್ಷೆಗಳು

ಬಿಳಿ ಹತ್ತಿ ಬಟ್ಟೆಯನ್ನು ಒಣದಾಗಿಯೇ ಗಟ್ಟಿಯಾಗಿ ಒತ್ತಿ ಒರೆಸಿ. ಬಟ್ಟೆಗೆ ಸೀಟಿನ ಬಣ್ಣವೇ ಬಂದರೆ ಮೇಲಿನ ಪೇಂಟ್ ಅಥವಾ ಲೇಪ ಸಡಿಲವಾಗಿದೆ. ಬೂದು ಅಥವಾ ಕಂದು ಕೊಳೆ ಬಂದರೆ ಹೊರಗಿನ ಜಿಡ್ಡು. ಬಣ್ಣವೇ ಇಲ್ಲದೆ ಬಟ್ಟೆ ಎಣ್ಣೆ ತಾಗಿದಂತೆ ಮಸುಕಾದರೆ ಪ್ಲಾಸ್ಟಿಸೈಸರ್ ಅಥವಾ ಡ್ರೆಸ್ಸಿಂಗ್‌ನಲ್ಲಿದ್ದ ಸಿಲಿಕೋನ್.

ಇವೆರಡರಲ್ಲಿ ಯಾವುದು ಎಂದು ತಿಳಿಯಲು ನೀರಿನ ಹನಿ ನೆರವಾಗುತ್ತದೆ. ಅಂಟಿರುವ ಜಾಗದಲ್ಲಿ ಒಂದು ಹನಿ, ಸೀಟಿನ ಕೆಳಗೆ ಯಾರೂ ಮುಟ್ಟದ ಜಾಗದಲ್ಲಿ ಒಂದು ಹನಿ ಬಿಡಿ. ಮೊದಲನೆಯದು ಮುತ್ತಿನಂತೆ ದುಂಡಗೆ ನಿಂತು, ಎರಡನೆಯದು ಹರಡಿಕೊಂಡರೆ ಮೇಲೆ ಸಿಲಿಕೋನ್ ಡ್ರೆಸ್ಸಿಂಗ್ ಇರುವ ಸಾಧ್ಯತೆ ಜಾಸ್ತಿ. ಹೋಲಿಕೆ ಇಲ್ಲದೆ ಒಂದೇ ಹನಿ ನೋಡಿ ತೀರ್ಮಾನಿಸಬೇಡಿ, ಕಾರ್ಖಾನೆಯ ಮೇಲ್ಲೇಪವೂ ನೀರನ್ನು ದೂಡುವುದುಂಟು.

ಮೂರನೆಯದು ಮೂಗು ಮತ್ತು ಪಿಎಚ್ ಪಟ್ಟಿ, ಅಂದರೆ ಆಮ್ಲ ಇದೆಯಾ ಎಂದು ಬಣ್ಣದಿಂದ ತೋರಿಸುವ ಕಾಗದದ ಪಟ್ಟಿ. ಪಿವಿಸಿ ಶಾಖ-ಬೆಳಕಿಗೆ ಒಡೆಯತೊಡಗಿದಾಗ ಹೈಡ್ರೋಜನ್ ಕ್ಲೋರೈಡ್ ಎಂಬ ಆಮ್ಲದ ಅನಿಲ ಬಿಡುತ್ತದೆ. ಅದನ್ನು ತಡೆಯಲು ತಯಾರಿಸುವಾಗಲೇ ಸ್ಟೆಬಿಲೈಸರ್ ಸೇರಿಸಿರುತ್ತಾರೆ. ಅದು ಮುಗಿದ ಮೇಲೆ ಆಮ್ಲ ಹೊರಬರುತ್ತದೆ, ಹಾಗೆ ಬಂದ ಆಮ್ಲ ಇನ್ನಷ್ಟು ಒಡೆಯಲು ಕಾರಣವಾಗುತ್ತದೆ. ಡಿಸ್ಟಿಲ್ಡ್ ನೀರಿನಲ್ಲಿ ಒದ್ದೆ ಮಾಡಿದ ಪಿಎಚ್ ಪಟ್ಟಿಯನ್ನು ಒಂದು ನಿಮಿಷ ಒತ್ತಿ ಹಿಡಿಯಿರಿ. ಪಟ್ಟಿ ಸ್ಪಷ್ಟವಾಗಿ ಆಮ್ಲದ ಬಣ್ಣಕ್ಕೆ ತಿರುಗಿ, ಜತೆಗೆ ಮೂಗಿಗೆ ಚುಚ್ಚುವ ವಾಸನೆ, ಹತ್ತಿರದ ಸ್ಟೇಪಲ್ ಪಿನ್ನುಗಳಿಗೆ ತುಕ್ಕು, ವಿನೈಲ್‌ಗೆ ಕಂದು ಬಣ್ಣ ಇವೆಲ್ಲ ಒಟ್ಟಿಗೆ ಕಂಡರೆ ಅದು ಒಡೆಯುವ ಹಂತದಲ್ಲಿದೆ.

ಕೊನೆಯದೇ ನಿರ್ಣಾಯಕ. ಇದಕ್ಕೆ ಕಾಯಬೇಕಾಗುತ್ತದೆ, ಅದಕ್ಕೇ ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಅಂಗೈ ಅಗಲದ ಒಂದು ಜಾಗವನ್ನು ಮುಂದೆ ಹೇಳುವ ಸೋಪಿನ ನೀರಿನಿಂದ ಚೆನ್ನಾಗಿ ಶುಚಿ ಮಾಡಿ, ಒಣಗಿಸಿ. ಏನೂ ಹಚ್ಚಬೇಡಿ. ಎರಡು ವಾರ ಕಾರನ್ನು ಎಂದಿನಂತೆ ಬಳಸಿ, ಬಿಸಿಲಿನ ದಿನಗಳೂ ಸೇರಿರಲಿ. ಆಮೇಲೆ ಮುಟ್ಟಿ ನೋಡಿ. ಒಣದಾಗಿಯೇ ಇದ್ದರೆ ಅಂಟು ಹೊರಗಿನದು, ನಿಮ್ಮ ಕಾರಿನ ವಿನೈಲ್ ಗಟ್ಟಿಮುಟ್ಟಾಗಿದೆ. ಯಾರೂ ಮುಟ್ಟದಿದ್ದರೂ ಮತ್ತೆ ಅಂಟು ಬಂದಿದ್ದರೆ ಅದು ಒಳಗಿನದು.

ಹೊರಗಿನ ಅಂಟಾದರೆ

ವ್ಯಾಕ್ಯೂಮ್‌ನಿಂದ ಧೂಳು, ಮರಳು ತೆಗೆಯಿರಿ. ಮರಳು ಉಳಿದರೆ ಉಜ್ಜುವಾಗ ಗೀರು ಬೀಳುತ್ತದೆ. ಉಗುರುಬೆಚ್ಚನೆಯ ಎರಡು ಲೀಟರ್ ನೀರಿಗೆ ಒಂದು ಟೀ ಚಮಚ ಪಾತ್ರೆ ತೊಳೆಯುವ ಸೌಮ್ಯ ಲಿಕ್ವಿಡ್ ಸಾಕು. ನೊರೆ ಜಾಸ್ತಿಯಾದರೆ ಅದನ್ನು ತೆಗೆಯುವುದೇ ಇನ್ನೊಂದು ಕೆಲಸ, ಉಳಿದ ಸೋಪು ತಾನೇ ಅಂಟಾಗುತ್ತದೆ. ಮೈಕ್ರೋಫೈಬರ್ ಬಟ್ಟೆ ಅದ್ದಿ, ಚೆನ್ನಾಗಿ ಹಿಂಡಿ, ಒಂದು ಸಲಕ್ಕೆ ಒಂದಡಿ ಜಾಗ ಮಾತ್ರ ಒರೆಸಿ. ಚರ್ಮದಂತೆ ಕಾಣಲೆಂದು ಒತ್ತಿದ ಗೆರೆಗಳ ಒಳಗೆ ಕೊಳೆ ಕೂತಿರುತ್ತದೆ, ಅಲ್ಲಿ ಮೆತ್ತನೆ ಬ್ರಷ್ ಬೇಕು. ಹೊಲಿಗೆಯ ಮೇಲೆ ನೀರು ನಿಲ್ಲಲು ಬಿಡಬೇಡಿ. ಒಳಗಿನ ಫೋಮ್ ಹೀರಿಕೊಂಡರೆ ಒಣಗಲು ದಿನಗಳೇ ಬೇಕು, ಬೂಷ್ಟು ಶುರುವಾಗುವುದು ಅಲ್ಲಿಂದಲೇ.

ಆಮೇಲೆ ಬರೀ ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಎರಡು ಸಲ ಒರೆಸಿ, ಒಣ ಬಟ್ಟೆಯಿಂದ ಒತ್ತಿ ತೆಗೆಯಿರಿ. ನೀರಿನ ಬಕೆಟ್ ಬದಲಿಸುತ್ತಾ ಇರಿ. ಒಂದು ದಿನ ಬಾಗಿಲು, ಗಾಜು ತೆರೆದಿಟ್ಟು ಒಣಗಲು ಬಿಟ್ಟು, ನಂತರವೇ ಫಲಿತಾಂಶ ನೋಡಿ. ಒದ್ದೆ ವಿನೈಲ್ ಯಾವಾಗಲೂ ಶುಚಿಯಾಗಿದೆ ಎನಿಸುತ್ತದೆ.

ಹಳೇ ಸಿಲಿಕೋನ್ ಪದರ ಒಂದೇ ಸಲಕ್ಕೆ ಹೋಗುವುದಿಲ್ಲ. ಕೆಲವು ದಿನ ಬಿಟ್ಟು ಬಿಟ್ಟು ತೊಳೆಯಬೇಕು. ಸೋಪಿಗೆ ಬಗ್ಗದ ಉಳಿಕೆಗೆ, ಸಿಗರೇಟಿನ ಟಾರ್‌ಗೆ, ಟೇಪಿನ ಗೋಂದಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಅನ್ನು ಅಷ್ಟೇ ನೀರಿನೊಂದಿಗೆ ಬೆರೆಸಿ ಬಳಸಬಹುದು. ಮೊದಲು ಕಾಣದ ಜಾಗದಲ್ಲಿ ಕಾಟನ್ ಬಡ್‌ನಿಂದ ಪರೀಕ್ಷಿಸಿ. ಬಣ್ಣ ಬಂದರೆ ಅಲ್ಲಿಗೇ ನಿಲ್ಲಿಸಿ. ಬಟ್ಟೆಗೆ ಹಾಕಿಕೊಂಡು ಬೇಗ ಒರೆಸಿ ತೆಗೆಯಬೇಕು, ನೆನೆಯಲು ಬಿಡಬಾರದು, ಯಾಕೆಂದರೆ ಆಲ್ಕೋಹಾಲ್ ಕೂಡ ಪ್ಲಾಸ್ಟಿಸೈಸರ್ ಅನ್ನು ಎಳೆದು ತೆಗೆಯುತ್ತದೆ. ಬಾಗಿಲು ತೆರೆದಿರಲಿ, ಹತ್ತಿರ ಬೆಂಕಿ, ಕಿಡಿ ಬೇಡ.

ಥಿನ್ನರ್, ಅಸಿಟೋನ್, ಪೆಟ್ರೋಲ್ ಯಾವ ಕಾರಣಕ್ಕೂ ಬೇಡ. ಇವು ಕೊಳೆಯ ಜತೆ ಮೇಲ್ಲೇಪವನ್ನೂ ತೆಗೆಯುತ್ತವೆ, ಕೆಲವು ಪಿವಿಸಿಯನ್ನೇ ಉಬ್ಬಿಸಿ ಮೆತ್ತಗೆ ಮಾಡುತ್ತವೆ. ಆ ಮೇಲ್ಲೇಪ ತೀರಾ ತೆಳು, ಆದರೆ ಪ್ಲಾಸ್ಟಿಸೈಸರ್ ಹೊರಬರದಂತೆ ಸ್ವಲ್ಪವಾದರೂ ತಡೆಯುವುದು ಅದೇ. ಕಲೆ ಅಳಿಸುವ ಬಿಳಿ ಮೆಲಮೈನ್ ಸ್ಪಂಜು ನಯವಾದ ಉಪ್ಪುಕಾಗದದ ಹಾಗೆ ಕೆಲಸ ಮಾಡುತ್ತದೆ, ಅದನ್ನೂ ದೂರವಿಡಿ. ಬ್ಲೀಚ್ ಮತ್ತು ಗಾಢ ಕ್ಷಾರದ ಕ್ಲೀನರ್ ಕೂಡ ಬೇಡ.

ಒಳಗಿನ ಅಂಟಾದರೆ

ಇಲ್ಲಿ ಗುರಿ ಬೇರೆ. ಅಂಟನ್ನು ಪೂರ್ತಿ ನಿಲ್ಲಿಸಲು ಆಗುವುದಿಲ್ಲ, ನಿಧಾನ ಮಾಡಬಹುದು. ಅದೇ ಸೌಮ್ಯ ಸೋಪಿನ ನೀರು, ಆದರೆ ಕಡಿಮೆ ಸಲ. ಅಂಟು ತೊಂದರೆ ಕೊಡುವಷ್ಟಾದಾಗ ಮಾತ್ರ ಒರೆಸಿ. ವಾರ ವಾರ ಆಲ್ಕೋಹಾಲ್‌ನಿಂದ ಉಜ್ಜಿದರೆ ಅಂಟು ಬೇಗ ನಿಲ್ಲುತ್ತದೆ ನಿಜ, ಒಳಗೆ ಪ್ಲಾಸ್ಟಿಸೈಸರ್ ಖಾಲಿಯಾದ ಕಾರಣಕ್ಕೆ. ಮುಂದಿನದು ಬಿರುಕು.

ಎಣ್ಣೆ ಹಚ್ಚಿ ಜೀವ ತುಂಬಬಹುದು ಎಂಬ ನಂಬಿಕೆ ಬಹಳ ಕಡೆ ಇದೆ. ಅಡುಗೆ ಎಣ್ಣೆ, ಬೇಬಿ ಆಯಿಲ್, ಪೆಟ್ರೋಲಿಯಂ ಜೆಲ್ಲಿ, ಚರ್ಮಕ್ಕೆ ಹಾಕುವ ಕ್ರೀಮು, ಎಲ್ಲವನ್ನೂ ಹಚ್ಚುವವರಿದ್ದಾರೆ. ದಯವಿಟ್ಟು ಬೇಡ. ಎಣ್ಣೆ, ಕೊಬ್ಬು ಪ್ಲಾಸ್ಟಿಸೈಸರ್ ಅನ್ನು ತಮ್ಮ ಕಡೆ ಸೆಳೆಯುತ್ತವೆ. ಕೊಬ್ಬಿನ ಆಹಾರವನ್ನು ಮೆತ್ತನೆ ಪಿವಿಸಿಯಲ್ಲಿ ಸುತ್ತಿಟ್ಟರೆ ಪ್ಲಾಸ್ಟಿಸೈಸರ್ ಆಹಾರಕ್ಕೆ ಇಳಿಯುವುದು ಚೆನ್ನಾಗಿ ಗೊತ್ತಿರುವ ಸಂಗತಿ. ಸೀಟಿನ ಮೇಲೂ ಅದೇ ಆಗುತ್ತದೆ. ಪೌಡರ್ ಹಾಕುವುದೂ ಪರಿಹಾರವಲ್ಲ. ಅಂಟಿನಲ್ಲಿ ಕಲೆತು ಗೆರೆಗಳೊಳಗೆ ಬಿಳಿ ಹಿಟ್ಟಾಗಿ ಕೂರುತ್ತದೆ.

ನಿಜವಾದ ಚಿಕಿತ್ಸೆ ಕಾರು ನಿಲ್ಲಿಸುವ ರೀತಿಯಲ್ಲಿದೆ. ನೆರಳಲ್ಲಿ ನಿಲ್ಲಿಸಿ. ಅದಾಗದಿದ್ದರೆ ಮುಂದಿನ ಗಾಜಿಗೆ ಬೆಳಕು ಹಿಂದಕ್ಕೆ ಎಸೆಯುವ ಪರದೆ ಹಾಕಿ. ಕಿಟಕಿಯನ್ನು ಒಂದು ಬೆರಳಿನಷ್ಟು ಇಳಿಸಿಡಿ. ಸೀಟಿನ ಮೇಲೆ ಪಾರದರ್ಶಕ ವಿನೈಲ್ ಕವರ್ ಇದ್ದರೆ ತೆಗೆಯಿರಿ, ತೆಳು ಹತ್ತಿ ಬಟ್ಟೆಯ ಹೊದಿಕೆ ಸಾಕು, ಅದನ್ನು ಆಗಾಗ ಒಗೆಯಿರಿ. ಡ್ಯಾಶ್‌ಬೋರ್ಡ್ ಮೇಲೆ ರಬ್ಬರ್ ಪ್ಯಾಡ್, ಫೋಮ್, ಬೇರೆ ಪ್ಲಾಸ್ಟಿಕ್ ಏನೂ ಇಡಬೇಡಿ. ಗಾಜಿನ ಒಳಬದಿಯ ಮಂಜನ್ನು ಒರೆಸುವುದಕ್ಕೂ ಒಂದು ಉಪಯೋಗವಿದೆ: ಎಷ್ಟು ದಿನಕ್ಕೊಮ್ಮೆ ಮತ್ತೆ ಕೂರುತ್ತದೆ ಎಂಬುದರಿಂದ ವಿನೈಲ್ ಎಷ್ಟು ಬೇಗ ಸೋರುತ್ತಿದೆ ಎಂದು ಅಂದಾಜಾಗುತ್ತದೆ.

ಕಂಡಿಷನರ್ ಹಚ್ಚಬೇಕಾ?

ವಿನೈಲ್‌ಗೆ ಆಹಾರ ಬೇಕು ಎನ್ನುವ ಜಾಹೀರಾತನ್ನು ನಂಬಬೇಡಿ. ಕಳೆದುಹೋದ ಪ್ಲಾಸ್ಟಿಸೈಸರ್ ಅನ್ನು ಮೇಲಿನಿಂದ ಹಚ್ಚಿ ತುಂಬಿಸಲು ಬರುವುದಿಲ್ಲ. ಕಂಡಿಷನರ್ ಎಂಬ ಹೆಸರಿನ ಒಳ್ಳೆಯ ಉತ್ಪನ್ನ ಮಾಡುವುದು ಎರಡೇ ಕೆಲಸ: ಅತಿನೇರಳೆ ಕಿರಣವನ್ನು ಸ್ವಲ್ಪ ತಡೆಯುವುದು, ಉಜ್ಜಾಟ ಕಡಿಮೆ ಮಾಡುವುದು. ಅಷ್ಟಕ್ಕೂ ಬೆಲೆ ಇದೆ, ಆದರೆ ಅಂಟು ಪೂರ್ತಿ ಹೋದ ಮೇಲೆ ಮಾತ್ರ. ಅಂಟಿನ ಮೇಲೆ ಹಚ್ಚಿದರೆ ಅಂಟಿಗೆ ಇನ್ನೊಂದು ಪದರ ಸೇರುತ್ತದೆ, ಅಷ್ಟೇ.

ನೀರು ಆಧಾರಿತ, ಒಣಗಿದ ಮೇಲೆ ಮ್ಯಾಟ್ ಆಗಿ ಕಾಣುವ, ಅತಿನೇರಳೆ ತಡೆ ಇರುವುದನ್ನು ಆರಿಸಿ. ಸೀಟಿಗೆ ನೇರವಾಗಿ ಸ್ಪ್ರೇ ಮಾಡದೆ ಬಟ್ಟೆಗೆ ಹಾಕಿಕೊಳ್ಳಿ. ತೆಳ್ಳಗೆ ಹಚ್ಚಿ, ಹತ್ತು ನಿಮಿಷ ಬಿಟ್ಟು, ಒಣ ಬಟ್ಟೆಯಿಂದ ಉಳಿದದ್ದನ್ನೆಲ್ಲ ಒರೆಸಿ ತೆಗೆಯಿರಿ. ಮರುದಿನ ಬೆರಳಿಗೆ ಏನೂ ತಾಗಬಾರದು. ಡ್ಯಾಶ್‌ಬೋರ್ಡ್‌ಗೆ ಹೊಳಪು ಬರುವಂಥದ್ದು ಬೇಡವೇ ಬೇಡ, ಗಾಜಿನಲ್ಲಿ ಪ್ರತಿಫಲಿಸಿ ಓಡಿಸುವಾಗ ಕಣ್ಣಿಗೆ ಹೊಡೆಯುತ್ತದೆ. ಸ್ಟೀರಿಂಗ್, ಪೆಡಲ್, ಗೇರ್ ಹಿಡಿಕೆಗೂ ಹಚ್ಚಬೇಡಿ, ಕೈಕಾಲು ಜಾರುತ್ತವೆ. ಮುಂದೆ ವಿನೈಲ್‌ಗೆ ಬಣ್ಣ ಹಾಕಿಸುವ ಯೋಚನೆ ಇದ್ದರೆ ಸಿಲಿಕೋನ್ ಇರುವ ಯಾವುದನ್ನೂ ಮುಟ್ಟಿಸಬೇಡಿ. ಬಣ್ಣ ಹಿಡಿಯದೆ ಅಲ್ಲಲ್ಲಿ ಸಣ್ಣ ಗುಳಿಗಳಾಗುತ್ತವೆ.

ಉಳಿದ ಕಾರಣಗಳು

ಹಿಂದೆ ಯಾರೋ ಹಾಕಿದ ಬಣ್ಣವೇ ಅಂಟಾಗಿದ್ದರೆ, ಕೆಳಗಿನ ಪ್ಲಾಸ್ಟಿಸೈಸರ್ ಆ ಬಣ್ಣವನ್ನು ಮೆತ್ತಗೆ ಮಾಡುತ್ತಿದೆ. ಸಾಮಾನ್ಯ ಎನಾಮೆಲ್ ಬಳಸಿದರೆ ಹೀಗಾಗುವುದು ಜಾಸ್ತಿ. ಇದಕ್ಕೆ ತೊಳೆಯುವುದು ಪರಿಹಾರವಲ್ಲ, ಆ ಬಣ್ಣ ತೆಗೆದು ವಿನೈಲ್‌ಗೆಂದೇ ಮಾಡಿದ ಮೆತ್ತನೆ ಬಣ್ಣ ಹಾಕಿಸಬೇಕು. ತೆಗೆಯುವಾಗ ಒಣದಾಗಿ ಉಪ್ಪುಕಾಗದ ಉಜ್ಜಬೇಡಿ. ಹಳೇ ವಿನೈಲ್‌ನ ಸ್ಟೆಬಿಲೈಸರ್ ಮತ್ತು ಬಣ್ಣಗಳಲ್ಲಿ ಸೀಸ, ಕ್ಯಾಡ್ಮಿಯಂ ಬಳಸುತ್ತಿದ್ದರು, ಆ ಧೂಳು ಒಳಗೆ ಹೋಗಬಾರದು. ಗ್ಲೌಸ್ ಹಾಕಿಕೊಳ್ಳಿ.

ತೂತುಗಳಿಂದ ಅಥವಾ ಹೊಲಿಗೆಯಿಂದ ಕಂದು ಪುಡಿ, ಜಿಗುಟು ಬರುತ್ತಿದ್ದರೆ ಕೆಳಗಿನ ಪಾಲಿಯುರೆಥೇನ್ ಫೋಮ್ ಕೊಳೆತಿದೆ. ಹೊದಿಕೆ ಬಿಚ್ಚಿ ಫೋಮ್ ಬದಲಿಸದೆ ಬೇರೆ ದಾರಿಯಿಲ್ಲ. ಡೋರ್ ಪ್ಯಾನೆಲ್‌ನಲ್ಲಿ ಅಂಟು ಮಚ್ಚೆಮಚ್ಚೆಯಾಗಿ ಕಂಡರೆ ಹಿಂದಿನ ಗೋಂದು ಶಾಖಕ್ಕೆ ಇಳಿದು ತೂರಿ ಬಂದಿರಬಹುದು.

ಗುಲಾಬಿ ಬಣ್ಣದ ಕಲೆ ಕಂಡರೆ ಅದು ಸೂಕ್ಷ್ಮಜೀವಿಗಳು ಬಿಟ್ಟ ಬಣ್ಣ. ಅದು ಪ್ಲಾಸ್ಟಿಸೈಸರ್‌ನಲ್ಲಿ ಕರಗಿ ವಿನೈಲ್‌ನ ಒಳಗೇ ಹರಡಿರುತ್ತದೆ, ಉಜ್ಜಿದರೆ ಹೋಗುವುದಿಲ್ಲ. ತೇವ ಎಲ್ಲಿಂದ ಬರುತ್ತಿದೆ ಎಂದು ಹುಡುಕಿ. ಹೆಚ್ಚಾಗಿ ಗಾಜಿನ ಸುತ್ತಲಿನ ರಬ್ಬರ್, ಇಲ್ಲವೇ ಕಾರ್ಪೆಟ್ ಕೆಳಗೆ ನಿಂತ ನೀರು.

ಬದಲಿಸುವ ಸಮಯ ಬಂತೇ?

ಆಮ್ಲದ ಪರೀಕ್ಷೆ ಸ್ಪಷ್ಟವಾಗಿ ಬಂದು, ವಿನೈಲ್ ಕಂದಾಗಿ, ಮಡಚಿದರೆ ಬಿರಿಯುತ್ತಿದ್ದರೆ ಶುಚಿ ಮಾಡುವುದಕ್ಕೆ ಮುಂದೆ ಖರ್ಚು ಮಾಡಬೇಡಿ. ಆದರೆ ಪೂರ್ತಿ ಒಳಾಂಗಣ ಬದಲಿಸುವ ಅಗತ್ಯ ಬಹಳ ಸಲ ಇರುವುದಿಲ್ಲ. ಬಿಸಿಲಿಗೆ ಸಿಕ್ಕಿದ ಡ್ಯಾಶ್‌ಬೋರ್ಡ್ ಮೇಲ್ಭಾಗ ಹಾಳಾಗಿದ್ದರೂ ಬಾಗಿಲುಗಳ ವಿನೈಲ್ ಇನ್ನೂ ಹತ್ತಾರು ವರ್ಷ ಬಾಳುವಂತೆ ಇರುತ್ತದೆ. ಒಂದೊಂದು ಭಾಗವನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿ ನಿರ್ಧರಿಸಿ. ಮೂಲ ವಿನೈಲ್ ಉಳಿದಷ್ಟೂ ಹಳೇ ಕಾರಿಗೆ ಅದರ ನಿಜವಾದ ರೂಪ ಉಳಿಯುತ್ತದೆ.

ಹೊಸ ಹೊದಿಕೆ ಹಾಕಿಸುವುದೇ ಆದರೆ, ಹಳೆಯದನ್ನು ಬಿಸಾಡುವ ಮೊದಲು ಸೀಟಿನ ಅಡಿಯಲ್ಲಿ ಮಡಚಿದ ಅಂಚಿನಿಂದ ಒಂದು ತುಂಡು ಕತ್ತರಿಸಿ ಇಟ್ಟುಕೊಳ್ಳಿ. ಬಿಸಿಲು, ಬೆವರು ಏನೂ ತಾಗದ ಆ ತುಂಡಿನಲ್ಲಿ ಕಾರ್ಖಾನೆಯಿಂದ ಬಂದ ಬಣ್ಣ ಮತ್ತು ಗೆರೆಗಳ ವಿನ್ಯಾಸ ಹಾಗೇ ಇರುತ್ತವೆ. ಹೊಸ ವಿನೈಲ್ ಆರಿಸುವಾಗ ಹಗಲಿನ ಬೆಳಕಿನಲ್ಲಿ ಇದನ್ನೇ ಪಕ್ಕದಲ್ಲಿಟ್ಟು ನೋಡಿ. ತುಂಡನ್ನು ಹಾಳೆಯಲ್ಲಿ ಸುತ್ತಬೇಡಿ, ಪ್ಲಾಸ್ಟಿಕ್ ಕವರಿನಲ್ಲೂ ಬೇಡ. ಮುಚ್ಚಳವಿರುವ ಗಾಜಿನ ಬಾಟಲಿಯಲ್ಲಿ ಹಾಕಿ ತಂಪಾದ ಕತ್ತಲೆ ಜಾಗದಲ್ಲಿಡಿ.